ಬಾವುಟ ಚುಚ್ಚಿದ ಅನ್ನ

ಹೋದ ತಿಂಗಳು, ಅರಬ್ಬಿ ಸಮುದ್ರದ ನಡುವೆ, ಒಂದು ದೊಡ್ಡ ಹಡಗಿನ ಭರ್ಜರಿ ಊಟದ ಹಾಲ್‌ನಲ್ಲಿ, ನನ್ನ ಅನ್ನದ ಮೇಲೆ ಒಂದು ಬಾವುಟ ಹಾರಿತು.

ತಮಾಷೆ ಮಾಡುತ್ತಿಲ್ಲ. ಹಲ್ಲುಕಡ್ಡಿಗೆ ಅಂಟಿಸಿದ ಪುಟ್ಟ ಹಸಿರು ಬಾವುಟ. ಅದರ ಮೇಲೆ ನಮ್ಮ ಟೇಬಲ್ ನಂಬರು, ಪಕ್ಕದಲ್ಲಿ ಗೋಧಿ ತೆನೆಯ ಚಿತ್ರ, ತೆನೆಯ ಮೇಲೊಂದು ಅಡ್ಡಗೆರೆ. ಮುಚ್ಚಿದ ತಟ್ಟೆಯನ್ನು ಒಬ್ಬರು ಎರಡೂ ಕೈಯಲ್ಲಿ ಹಿಡಿದು ತಂದು, ನನ್ನ ಮುಂದಿಟ್ಟು, ಮುಚ್ಚಳ ತೆಗೆದರು. ಅನ್ನ, ಬೇಯಿಸಿದ ಬೀನ್ಸ್, ಒಂದು ಬಟ್ಟಲು ಮೊಸರು. ಅಕ್ಕಪಕ್ಕದ ಟೇಬಲ್ಲಿನವರೆಲ್ಲ ಕತ್ತು ತಿರುಗಿಸಿ ನೋಡಿದರು. ಯಾರೋ ವಿಐಪಿ ಅಂದುಕೊಂಡರೋ ಏನೋ.

"ಏನೇ ಇದು, ಅನ್ನಕ್ಕೂ ಆಧಾರ್ ಕಾರ್ಡಾ?" ಅಂದಳು ವಿಮಲಾ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಅವರೈದು ಜನ ಬಫೆ ಕಡೆ ಎದ್ದು ಹೋದರು. ಆರು ಕುರ್ಚಿಯ ದುಂಡು ಟೇಬಲ್ಲಿನಲ್ಲಿ ನಾನೊಬ್ಬಳೇ ಉಳಿದೆ.

ಈ ಆರು ಜನ ಯಾರು ಅಂತ ಮೊದಲು ಹೇಳಿಬಿಡುತ್ತೇನೆ. ಚಂದ್ರಾ ಲೇಔಟಿನ ಪಾರ್ಕಿನಲ್ಲಿ ಬೆಳಿಗ್ಗೆ ಆರೂಕಾಲಿಗೆ ವಾಕಿಂಗ್ ಮಾಡುವ ಹೆಂಗಸರು ನಾವು. ವಾಟ್ಸ್ಆ್ಯಪ್ ಗ್ರೂಪಿನ ಹೆಸರೂ "ಆರೂಕಾಲು". (ಎರಡು ಸುತ್ತು ನಡಿಗೆ, ಉಳಿದದ್ದೆಲ್ಲ ಕಲ್ಲುಬೆಂಚಿನ ಮೇಲೆ.) ಎಲ್ಲರೂ ಐವತ್ತೈದು ದಾಟಿದವರು. ನಮ್ಮಲ್ಲಿ ಹಿರಿಯರು ಗಿರಿಜಮ್ಮ. ನನಗೆ ಹತ್ತಿರದವಳು ವಿಮಲಾ. ಬ್ಯಾಂಕಿನಲ್ಲಿದ್ದು ರಿಟೈರ್ ಆದವಳು, ಅತ್ತಿಗುಪ್ಪೆ ಮೆಟ್ರೋ ಸ್ಟೇಷನ್ನಿನ ಹಿಂದಿನ ರಸ್ತೆಯಲ್ಲಿ ಮನೆ. ಕ್ರೂಸ್ ಹೋಗೋಣ ಅಂತ ಹೊರಡಿಸಿದವಳೂ ಅವಳೇ. ಮುಂಬೈಯಿಂದ ಹೊರಟು, ಲಕ್ಷದ್ವೀಪ ನೋಡಿ, ಕೊಚ್ಚಿ ಮುಟ್ಟಿ, ವಾಪಸ್ ಮುಂಬೈಗೆ.

ಆರು ಜನ, ಮೂರು ಕ್ಯಾಬಿನ್. ನಾನೂ ವಿಮಲಾನೂ ಒಂದರಲ್ಲಿ. ನಮ್ಮಿಬ್ಬರದು ಎಲ್ಲದರಲ್ಲೂ ಬೈ-ಟು.

ಬೈ-ಟು ಅಂದರೆ ಏನು ಅಂತ ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕೇ? ವಾಕಿಂಗ್ ಮುಗಿಸಿ ಮೂಲೆಯ ದರ್ಶಿನಿಗೆ ಹೋಗಿ ಒಂದು ಕಾಫಿಗೆ ಎರಡು ಲೋಟ ಕೇಳುವುದು. ಒಂದು ರವೆ ಇಡ್ಲಿ, ಎರಡು ಚಮಚ. ಒಂದು ಮಸಾಲೆ ದೋಸೆ. ಅದರ ಗರಿಗರಿ ತುದಿ ಅವಳಿಗೆ, ಪಲ್ಯ ಇರುವ ಹೊಟ್ಟೆ ಭಾಗ ನನಗೆ. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಈ ಗಡಿ ತಕರಾರು ಆಗಿಲ್ಲ.

ಇದೆಲ್ಲ ಎರಡು ವರ್ಷದ ಹಿಂದಿನವರೆಗೆ.

ಈ ಅಂಕಣವನ್ನು ತಪ್ಪದೇ ಓದುವವರಿಗೆ ನೆನಪಿರಬಹುದು. ಎರಡು ವರ್ಷದ ಹಿಂದೆ ನಾನು ಕಾರಣವಿಲ್ಲದೆ ಸೊರಗುತ್ತಾ ಬಂದೆ. ಹೊಟ್ಟೆ ಒಂದು ದಿನ ಸರಿ ಇದ್ದರೆ ಎರಡು ದಿನ ಮುಷ್ಕರ. ಕೊನೆಗೆ ಡಾಕ್ಟರು ಸೀಲಿಯಾಕ್ ಅಂದರು. ಗೋಧಿಯಲ್ಲಿ ಗ್ಲುಟನ್ ಅನ್ನುವ ಅಂಟು ಪದಾರ್ಥ ಇರುತ್ತದೆ. ಅದು ಚೂರು ಹೊಟ್ಟೆಗೆ ಹೋದರೂ ನನ್ನ ಕರುಳು ತನ್ನನ್ನು ತಾನೇ ಹರಿದುಕೊಳ್ಳುತ್ತದಂತೆ. ಮಾತ್ರೆ ಇಲ್ಲ, ಇಂಜೆಕ್ಷನ್ ಇಲ್ಲ. ಜೀವಮಾನ ಪೂರ್ತಿ ಗೋಧಿ ಬಿಡಬೇಕು. "ಚೂರು ಅಂದ್ರೆ ಚೂರೂ ಇಲ್ಲ, ನೆನಪಿರಲಿ" ಅಂದರು ಡಾಕ್ಟರು.

ಅನ್ನ ತಿನ್ನುವ ಊರಿನಲ್ಲಿ ಹುಟ್ಟಿದವಳು, ನನಗೇನು ಕಷ್ಟ ಅಂದುಕೊಂಡೆ. ಗೋಧಿ ಎಲ್ಲೆಲ್ಲಿ ಅಡಗಿ ಕೂತಿದೆ ಅಂತ ಆಗ ತಿಳಿಯಿತು. ಉಪ್ಪಿಟ್ಟು ಗೋಧಿ. ಕೇಸರಿಬಾತ್ ಗೋಧಿ. ಒಬ್ಬಟ್ಟಿನ ಕಣಕ ಗೋಧಿ. ಶ್ಯಾವಿಗೆ ಪಾಯಸ ಗೋಧಿ.

"ರವೆ ಗೋಧಿನಾ?" ಅಂತ ಗಿರಿಜಮ್ಮ ಬಾಯಿ ಬಿಟ್ಟುಕೊಂಡು ಕೇಳಿದ್ದರು. "ಅಯ್ಯೋ, ನಾನು ರವೆ ಅಂದ್ರೆ ರವೆ ಅಂದ್ಕೊಂಡಿದ್ದೆ ಕಣಮ್ಮ!"

ನಗಬೇಡಿ. ನಿಮ್ಮಲ್ಲೂ ಅರ್ಧ ಜನ ಹಾಗೇ ಅಂದುಕೊಂಡಿದ್ದೀರಿ.

ಆಮೇಲೆ ಒಂದೊಂದೇ ಬಾಗಿಲು ಮುಚ್ಚುತ್ತಾ ಬಂತು. ಯಾರೂ ಕೆಟ್ಟ ಮನಸ್ಸಿನಿಂದ ಮುಚ್ಚಲಿಲ್ಲ. ಯುಗಾದಿಗೆ ಒಬ್ಬಟ್ಟು ಕಳಿಸುತ್ತಿದ್ದ ಎದುರುಮನೆಯವರು ಕಳಿಸುವುದು ಬಿಟ್ಟರು. "ಆಂಟಿ, ನಿಮಗೆ ಆಗಲ್ವಲ್ಲ, ಸುಮ್ನೆ ಆಸೆ ಹುಟ್ಟಿಸೋದ್ಯಾಕೆ ಅಂತ" ಅಂದಳು ಅವರ ಸೊಸೆ. ಮದುವೆ ಪತ್ರಿಕೆ ಕೊಡಲು ಬಂದವರು "ನೀವು ಹೇಗೂ ಊಟ ಮಾಡಲ್ಲ, ಆರತಕ್ಷತೆಗೆ ಬಂದು ಅಕ್ಷತೆ ಹಾಕಿ ಹೋಗಿ" ಅನ್ನತೊಡಗಿದರು. ನಮ್ಮ ಕಡೆ ಎದುರಿಗೆ ಸಿಕ್ಕವರು ಮೊದಲು ಕೇಳುವುದೇ "ಊಟ ಆಯ್ತಾ?" ಅಂತ. ನನ್ನನ್ನು ಕೇಳುವಾಗ ಮಾತ್ರ ಎಲ್ಲರ ನಾಲಿಗೆ ತಡವರಿಸುತ್ತದೆ. ಕೇಳಿದರೆ ನೋವಾಗುತ್ತದೇನೋ ಅಂತ "ಮಳೆ ಬರೋ ಹಾಗಿದೆ ಅಲ್ವಾ" ಅನ್ನುತ್ತಾರೆ.

ದರ್ಶಿನಿಯಲ್ಲಿ ರವೆ ದೋಸೆ ಹುಯ್ಯುವ ಕಾವಲಿಯ ಮೇಲೇ ಮಸಾಲೆ ದೋಸೆ ಹುಯ್ಯುತ್ತಾರೆ. ಅದೂ ಹೋಯಿತು. ಉಳಿದದ್ದು ಬೈ-ಟು ಕಾಫಿ, ಮತ್ತೆ ವಿಮಲಾ.

ವಿಮಲಾ ಒಬ್ಬಳು ನನಗೆ ಊಟ ಹಾಕುವುದನ್ನು ಬಿಡಲಿಲ್ಲ. ನನಗೆ ಅಂತಲೇ ಬೇರೆ ಬಾಣಲೆ ತಂದಳು, ಬೇರೆ ಸೌಟು ತಂದಳು, ಅದಕ್ಕೆ ಕೆಂಪು ದಾರ ಕಟ್ಟಿದಳು. ಪ್ರತಿ ಗುರುವಾರ ಮಧ್ಯಾಹ್ನ ಅವಳ ಮನೆಯಲ್ಲಿ ಊಟ. ಅನ್ನ, ಸಾರು, ಪಲ್ಯ, ಅಕ್ಕಿ ಹಪ್ಪಳ. "ನಮ್ಮತ್ತೆ ಮಡಿ ನೋಡಿದ್ದೆ, ನಿನ್ ಮಡಿ ಅದನ್ನೂ ಮೀರಿಸ್ತು ಕಣೇ" ಅಂತ ಬೈದುಕೊಂಡೇ ಬಡಿಸುತ್ತಾಳೆ. ನನ್ನವರು ಹೋಗಿ ಆರು ವರ್ಷವಾಯಿತು. ವಾರದ ಏಳು ದಿನದಲ್ಲಿ ಇನ್ನೊಬ್ಬರ ಕೈಯ ಅಡುಗೆ ನನ್ನ ಬಾಯಿಗೆ ಬೀಳುವುದು ಆ ಒಂದು ದಿನ.

ಕ್ರೂಸ್ ಬುಕ್ ಮಾಡುವಾಗಲೇ ವಿಮಲಾ ಹಡಗಿನವರಿಗೆ ಮೂರು ಸಲ ಫೋನ್ ಮಾಡಿ ನನ್ನ ಊಟದ ವಿಚಾರ ಹೇಳಿದ್ದಳು. ಆದರೂ ನಂಬಿಕೆ ಇಲ್ಲ. ಹೊರಡುವ ಹಿಂದಿನ ದಿನ ಹಾರ್ಲಿಕ್ಸ್ ಬಾಟಲಿಯಷ್ಟು ದೊಡ್ಡ ಬಾಟಲಿಯಲ್ಲಿ ಪುಳಿಯೋಗರೆ ಗೊಜ್ಜು ತುಂಬಿಸಿದಳು.

"ನಿನ್ ಬಾಣಲೇಲೇ ಮಾಡಿದೀನಿ. ಕೆಂಪು ದಾರದ ಸೌಟು. ಹಡಗಿನೋರು ಬರೀ ಬೇಯಿಸಿದ್ದು ಕೊಡ್ತಾರೆ, ಕಲಸ್ಕೊಂಡು ತಿನ್ನು. ಹೊಟ್ಟೆ ಉಬ್ಬರಿಸಬಾರ್ದು ಅಂತ ಇಂಗು ಎರಡರಷ್ಟು ಹಾಕಿದೀನಿ."

"ಮನೆ ಅಡುಗೆ ತರಬಾರದು ಅಂತ ರೂಲ್ಸ್ ಇದೆಯಲ್ಲೇ?"

"ಅಡುಗೆ ಅಲ್ಲ, ಔಷಧಿ ಅಂತೀನಿ. ಯಾರು ಮುಚ್ಚಳ ತೆಗೆದು ನೋಡ್ತಾರೆ?"

ಯಾರೂ ನೋಡಲಿಲ್ಲ. ಟವೆಲ್ಲಿನಲ್ಲಿ ಸುತ್ತಿಕೊಂಡು ಗೊಜ್ಜು ಹಡಗು ಹತ್ತಿತು.

ಇನ್ನು ಹಡಗಿನ ಊಟ. ಅಲ್ಲಿ ಊಟವೇ ಪ್ರವಾಸ, ಸಮುದ್ರ ಬರೀ ನೆಪ. ಬೆಳಿಗ್ಗೆ ಕಣ್ಣುಬಿಟ್ಟರೆ ಬಫೆ, ಮಧ್ಯಾಹ್ನ ಬಫೆ, ಸಂಜೆ ಪಾನಿಪೂರಿ, ಮತ್ತೆ ಬಫೆ. ನೂಡಲ್ಸ್, ನಾನ್, ಪಾಸ್ತಾ, ಕೇಕು. ನನ್ನ ಪಾಲಿಗೆ ಅಷ್ಟೂ ಗೋಧಿಯ ಪ್ರದರ್ಶನ. ಗಿರಿಜಮ್ಮನಿಗೆ ನನ್ನ ಮೇಲೆ ಕನಿಕರ. "ಅಲ್ಲಿ ಜೈನ್ ಕೌಂಟರ್ ಇದೆ ನೋಡು, ಈರುಳ್ಳಿ ಕೂಡ ಹಾಕಿರಲ್ಲ, ನಿಂಗೆ ಸರಿಹೋಗುತ್ತೆ" ಅಂದರು. ಅಲ್ಲಿ ಬಿಸಿಬಿಸಿ ಫುಲ್ಕಾ ಉಬ್ಬುತ್ತಿತ್ತು.

ನಮ್ಮ ಗ್ಯಾಂಗಿನದು ಒಂದು ಅಭ್ಯಾಸ. ಯಾರೂ ತಮ್ಮ ತಟ್ಟೆಯದನ್ನು ತಾವೇ ತಿನ್ನುವುದಿಲ್ಲ. ಇವಳ ಪಾಸ್ತಾ ಅವಳು ರುಚಿ ನೋಡಬೇಕು, ಅವಳ ಕೇಕಿಗೆ ಇವಳು ಚಮಚ ಹಾಕಬೇಕು. "ಇದನ್ನ ತಿಂದು ನೋಡೇ", "ನಿಂದು ಕೊಡು ಸ್ವಲ್ಪ". ಆರು ಜನ ಕೂತಿದ್ದ ಟೇಬಲ್ಲಿನ ಮೇಲೆ ಐದು ತಟ್ಟೆಗಳ ನಡುವೆ ಕೈಗಳು ಹೋಗಿ ಬರುತ್ತಿದ್ದವು. ಬಾವುಟ ಇದ್ದ ತಟ್ಟೆಯ ಮೇಲೆ ಯಾರ ಕೈಯೂ ಹಾಯಲಿಲ್ಲ. ನನ್ನ ಅನ್ನಕ್ಕೆ ಗೋಧಿ ಸೋಂಕುತ್ತದಲ್ಲ, ಪಾಪ, ಹುಷಾರಾಗಿದ್ದರು. ಎಷ್ಟು ಹುಷಾರು ಅಂದರೆ ಎರಡನೇ ದಿನ ಸಂಜೆ ಪಾನಿಪೂರಿಗೆ ನನ್ನನ್ನು ಕರೆಯದೇ ಹೋಗಿದ್ದರು. ನಾನು ಮೇಲಿನ ಡೆಕ್ಕಿನಲ್ಲಿ ಅವರನ್ನು ಹುಡುಕುತ್ತಾ ಹೋದೆ. ಗಾಜಿನ ಆಚೆ ಐದೂ ಜನ ಕಣ್ಣಲ್ಲಿ ನೀರು ಬರುವಂತೆ ಖಾರ ತಿಂದು ನಗುತ್ತಿದ್ದರು. ನನ್ನನ್ನು ಕಂಡ ಕೂಡಲೇ ತಟ್ಟೆಗಳನ್ನು ಕೆಳಗಿಟ್ಟರು. ಕದ್ದು ಸಿಕ್ಕಿಬಿದ್ದವರ ಮುಖ.

ನನಗೆ ಅಳು ಬಂತು. ಅವರು ಬಿಟ್ಟು ಹೋದದ್ದಕ್ಕಲ್ಲ, ತಟ್ಟೆ ಕೆಳಗಿಟ್ಟದ್ದಕ್ಕೆ.

ಅವತ್ತು ರಾತ್ರಿಯ ಊಟಕ್ಕೆ, ಬಡಿಸುವವರ ಕಣ್ಣು ತಪ್ಪಿಸಿ, ಎರಡು ಚಮಚದ ಬದಲು ನಾಲ್ಕು ಚಮಚ ಗೊಜ್ಜು ಕಲಸಿಕೊಂಡೆ. ಹುಣಸೆ, ಬೆಲ್ಲ, ಎಳ್ಳು, ಕೊಬ್ಬರಿ. ಬಾಯಿಗಿಟ್ಟರೆ ಅತ್ತಿಗುಪ್ಪೆಯ ಅಡುಗೆಮನೆಯಲ್ಲಿ ಕೂತ ಹಾಗೆ. ವಿಮಲಾ ಪಕ್ಕದಲ್ಲಿ ಕೂತು ನಾನು ತಿನ್ನುವುದನ್ನೇ ನೋಡುತ್ತಿದ್ದಳು.

ಮೂರನೇ ದಿನ ಬೆಳಿಗ್ಗೆ ನಾನು ಬಾತ್‌ರೂಮಿನಿಂದ ಈಚೆಗೆ ಬರಲಾಗಲಿಲ್ಲ.

ಅಂದೇ ಲಕ್ಷದ್ವೀಪ. ಸಣ್ಣ ದೋಣಿಯಲ್ಲಿ ದ್ವೀಪಕ್ಕೆ ಕರೆದೊಯ್ಯುವ ದಿನ. ವಿಮಲಾ ನೇರ ಊಟದ ಹಾಲಿಗೆ ಹೋಗಿ ಬಾವುಟದ ತಟ್ಟೆ ತರುತ್ತಿದ್ದವರನ್ನು ಹಿಡಿದುಕೊಂಡಳು. ಬಿಷ್ಣು ಅಂತ ಅವರ ಹೆಸರು, ನೇಪಾಳದವರು, ನಮ್ಮ ಟೇಬಲ್ಲುಗಳ ಉಸ್ತುವಾರಿ. ಮಾರನೇ ದಿನ ನನಗೇನು ಬೇಕು ಅಂತ ಹಿಂದಿನ ರಾತ್ರಿಯೇ ಕೇಳಿ ಬರೆದುಕೊಳ್ಳುತ್ತಿದ್ದವರು. ವಿಮಲಾ ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ ಅವರ ಮಾನ ಕಳೆದಳಂತೆ. ಅವರು ಕೈಕಟ್ಟಿ ನಿಂತು ಸಾರಿ ಮ್ಯಾಡಂ, ಸಾರಿ ಮ್ಯಾಡಂ ಅಂದರಂತೆ.

ಅವಳು ದ್ವೀಪಕ್ಕೆ ಹೋಗಲ್ಲ ಅಂತ ಹಟ ಹಿಡಿದಳು. ನಾನೇ ಗದರಿ ಕಳಿಸಿದೆ.

ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ಸ್ವಲ್ಪ ಸುಮ್ಮನಾಯಿತು. ಕಿಟಕಿ ಇಲ್ಲದ ಕ್ಯಾಬಿನ್ನಿನಲ್ಲಿ ಉಸಿರುಕಟ್ಟಿದಂತಾಗಿ ಮೇಲೆ ಹೋದೆ. ಹಡಗೇ ಖಾಲಿ. ಸಾಲು ಸಾಲು ಟೇಬಲ್ಲು, ಮಡಚಿಟ್ಟ ನ್ಯಾಪ್ಕಿನ್ನು, ದೂರದಲ್ಲಿ ಯಾರೋ ಚಮಚ ಒರೆಸುವ ಸದ್ದು. ನಮ್ಮ ದುಂಡು ಟೇಬಲ್ಲಿನಲ್ಲಿ ಕೂತೆ. ಬಿಷ್ಣು ಬಂದು ಒಂದು ಲೋಟ ಗಂಜಿ ಇಟ್ಟರು. ನಿಂತೇ ಇದ್ದರು.

"ಮ್ಯಾಡಂ, ತಪ್ಪು ತಿಳೀಬೇಡಿ. ನಮ್ಮ ಅಡುಗೆದಲ್ಲದೆ ಬೇರೆ ಏನಾದ್ರೂ ತಿಂದ್ರಾ?" ಅಂತ ಹಿಂದಿಯಲ್ಲಿ ಕೇಳಿದರು.

ಸುಳ್ಳು ಹೇಳಬಹುದಿತ್ತು. ಬೆಳಿಗ್ಗೆ ಅಷ್ಟು ಬೈಸಿಕೊಂಡ ಮನುಷ್ಯ, ಗಂಜಿ ತಂದಿಟ್ಟಿದ್ದಾರೆ. ಕೆಳಗೆ ಹೋಗಿ ಬಾಟಲಿ ತಂದು ತೋರಿಸಿದೆ. ಏನೇನು ಹಾಕಿದ್ದಾರೆ ಅಂದರು. ನನ್ನ ಹರಕು ಹಿಂದಿಯಲ್ಲಿ ಪಾಠ ಒಪ್ಪಿಸಿದೆ. ಹುಣಸೆ, ಬೆಲ್ಲ, ಮೆಂತ್ಯ, ಧನಿಯ, ಎಳ್ಳು, ಮೆಣಸಿನಕಾಯಿ, ಕೊಬ್ಬರಿ, ಇಂಗು.

"ಇಂಗು? ಡಬ್ಬೀದಾ, ಪುಡಿ?"

"ಹೌದು. ಯಾಕೆ?"

ಅವರು ಅಡುಗೆಮನೆಗೆ ಹೋಗಿ ಒಂದು ಇಂಗಿನ ಡಬ್ಬಿ ತಂದು ಹಿಂಭಾಗ ತಿರುಗಿಸಿ ನನ್ನ ಮುಂದಿಟ್ಟರು. ಇರುವೆ ಸಾಲಿನಂಥ ಅಕ್ಷರ. ಕನ್ನಡಕ ಹಾಕಿಕೊಂಡು ಓದಿದೆ. ಇಂಗಿಗಿಂತ ಮೊದಲು ಹಿಟ್ಟಿನ ಹೆಸರಿತ್ತು. ಗೋಧಿ ಹಿಟ್ಟು.

"ಇದಕ್ಕೇ ನಿಮ್ಮ ಅಡುಗೆಗೆ ನಾವು ಇಂಗು ಹಾಕಲ್ಲ. ಬಾವುಟದ ಗೆಸ್ಟ್ ಹತ್ರ ಯಾವಾಗ್ಲೂ ಒಂದು ಬಾಟಲಿ ಇರುತ್ತೆ ಮ್ಯಾಡಂ. ಅಮ್ಮ ಕೊಟ್ಟಿದ್ದು, ಅಕ್ಕ ಕೊಟ್ಟಿದ್ದು. ಯಾರೂ ಮೊದಲೇ ಹೇಳಲ್ಲ."

ನನ್ನ ಅಡುಗೆಮನೆಯಲ್ಲಿ ಇಂಗು ಇಲ್ಲ. ನನ್ನವರಿಗೆ ಅದರ ವಾಸನೆ ಆಗುತ್ತಿರಲಿಲ್ಲ, ಒಗ್ಗರಣೆಗೆ ಬೆಳ್ಳುಳ್ಳಿಯೇ. ಅವರು ಹೋದ ಮೇಲೂ ಇಂಗು ತರಬೇಕು ಅನ್ನಿಸಲಿಲ್ಲ. ಹಾಗಾಗಿ ಬಿಸ್ಕತ್ತಿನಿಂದ ಹಿಡಿದು ಕೆಮ್ಮಿನ ಸಿರಪ್ಪಿನವರೆಗೆ ಪ್ರತಿ ಡಬ್ಬಿಯ ಬೆನ್ನು ಓದುವ ನಾನು ಇಂಗಿನ ಡಬ್ಬಿಯ ಬೆನ್ನು ಓದಿರಲೇ ಇಲ್ಲ.

ಗಂಜಿ ಲೋಟದ ಮುಂದೆ ಕೂತು ಲೆಕ್ಕ ಹಾಕಿದೆ. ಗುರುವಾರ ವಿಮಲಾ ಮನೆಯ ಸಾರು. ಶುಕ್ರವಾರ ನನಗೆ ಹೊಟ್ಟೆ ಕೆಟ್ಟಿರುತ್ತದೆ. ಎರಡು ವರ್ಷದಿಂದ, ಪ್ರತಿ ಶುಕ್ರವಾರ. ವಯಸ್ಸಾಯಿತು, ಹವಾ ಸರಿ ಇಲ್ಲ, ಕಾವೇರಿ ನೀರು ಸರಿ ಇಲ್ಲ ಅಂತ ಊರಿನ ಮೇಲೆಲ್ಲ ಆರೋಪ ಹೊರಿಸಿದ್ದೆ.

ಸಂಜೆ ವಿಮಲಾ ಬಿಸಿಲಿಗೆ ಕೆಂಪಾಗಿ ವಾಪಸ್ ಬಂದಳು. ನನಗಾಗಿ ಒಂದು ಶಂಖ ಆರಿಸಿ ತಂದಿದ್ದಳು.

"ಹೆಂಗಿದೀಯೇ? ಅವನು ಏನಾದ್ರೂ ತಂದ್ಕೊಟ್ನಾ? ಅವನನ್ನ ನಂಬಬೇಡ. ಗೊಜ್ಜನ್ನ ಕಲಸ್ಕೊಂಡು ತಿನ್ನು, ಅದೊಂದೇ ಸೇಫು."

ಹೇಳಬೇಕಿತ್ತು. ನಾಲಿಗೆ ತುದಿಗೆ ಬಂದಿತ್ತು. ನಾನು ಹೇಳಿದ್ದು "ಹೂಂ ಕಣೇ" ಅಂತ ಮಾತ್ರ.

ಯಾಕೆ? ಅವಳಿಗೆ ನೋವಾಗುತ್ತದೆ ಅಂತಲೇ? ಹಾಗಂದರೆ ನಾನು ದೊಡ್ಡ ಮನಸ್ಸಿನವಳಾಗುತ್ತೇನೆ, ಸುಲಭ. ನಿಜ ಅದಲ್ಲ. ಈ ಎರಡು ವರ್ಷದಲ್ಲಿ ನಾನು ಕಂಡದ್ದು ಇಷ್ಟು. ಒಂದು ಸಲ ಹೆದರಿಕೆ ಹುಟ್ಟಿತು ಅಂದರೆ ಆ ಮನೆಯಿಂದ ಮತ್ತೆ ತಟ್ಟೆ ಬರುವುದಿಲ್ಲ. ಎದುರುಮನೆಯವರೂ ಒಂದು ಸಲ ಗೊತ್ತಿಲ್ಲದೆ ಏನೋ ಕೊಟ್ಟು, ನಾನು ಮಲಗಿ, ಆಮೇಲೆ ಕೈಬಿಟ್ಟರು. ವಿಮಲಾನೂ ಹೆದರಿಬಿಟ್ಟರೆ? "ಬೇಡಪ್ಪ, ನನ್ನಿಂದ ನಿನಗೇನಾದ್ರೂ ಆದ್ರೆ" ಅಂದುಬಿಟ್ಟರೆ? ಆಮೇಲೆ ಗುರುವಾರವೂ ಬುಧವಾರದ ಹಾಗೆಯೇ ಇರುತ್ತದೆ.

ಉಳಿದ ದಿನ ಮೊಸರನ್ನ ಸಾಕು ಅಂತ ಜಾರಿಕೊಂಡೆ. ವಿಮಲಾ ಬಿಷ್ಣುವನ್ನು ಗುರಾಯಿಸುವುದು ಮುಂದುವರಿಸಿದಳು. ಕೊನೆಯ ದಿನ ಎಲ್ಲರಿಗೂ ಅಭಿಪ್ರಾಯ ಬರೆಯುವ ಫಾರಂ ಕೊಟ್ಟರು. ವಿಮಲಾ ಎರಡೂ ಬದಿ ದೂರು ತುಂಬಿಸಿ, ಬಿಷ್ಣು ಹೆಸರು ಬರೆದು, ಕೆಳಗೆ ಎರಡು ಗೆರೆ ಎಳೆದಳು. ಆರೂ ಫಾರಂ ಡಬ್ಬಕ್ಕೆ ಹಾಕಿ ಬರುವ ಕೆಲಸ ನಾನು ವಹಿಸಿಕೊಂಡೆ. ಡಬ್ಬಕ್ಕೆ ಬಿದ್ದದ್ದು ಐದು. ಆರನೆಯದು ಈಗಲೂ ನನ್ನ ಹ್ಯಾಂಡ್‌ಬ್ಯಾಗಿನಲ್ಲಿದೆ. (ಇದು ಕಳ್ಳತನ ಅಂತ ಗೊತ್ತು. ಅವರ ಕೆಲಸಕ್ಕೆ ಕಲ್ಲು ಬೀಳುವುದಕ್ಕಿಂತ ವಾಸಿ.)

ಬೆಂಗಳೂರಿಗೆ ಬಂದೆವು. ಗುರುವಾರ ಬಂತು.

ವಿಮಲಾ ಮನೆಗೆ ಹೋದೆ. ಗೇಟಿನ ಹತ್ತಿರ ಹೂವಿನವಳು ಕೂಗಿದಳು, ವಿಮಲಾ ಆಚೆ ಹೋದಳು. ಒಲೆಯ ಪಕ್ಕದ ಶೆಲ್ಫಿನಿಂದ ಇಂಗಿನ ಡಬ್ಬಿ ತೆಗೆದು ತಿರುಗಿಸಿದೆ. ಅದೇ. ಗೋಧಿ ಹಿಟ್ಟು.

"ಏನೇ ನೋಡ್ತಿದೀಯಾ?" ಹೂವಿನ ಪೊಟ್ಟಣ ಹಿಡಿದು ಅವಳು ಬಾಗಿಲಲ್ಲಿ ನಿಂತಿದ್ದಳು.

"ಎಕ್ಸ್‌ಪೈರಿ ಡೇಟ್" ಅಂದೆ.

"ಅಯ್ಯೋ, ಹೋದ ವಾರ ತಂದಿದ್ದು ಕಣೇ. ಬಾ ಕೂತ್ಕೋ, ಸಾರು ಆರೋಗುತ್ತೆ."

ಕೆಂಪು ದಾರ ಕಟ್ಟಿದ ಸೌಟಿನಲ್ಲಿ ಸಾರು ಬಡಿಸಿದಳು. ಮೇಲೆ ತುಪ್ಪ. ಘಮಘಮ ಇಂಗು. ಎದುರಿಗೆ ಕೂತು, ಗಲ್ಲಕ್ಕೆ ಕೈಕೊಟ್ಟು, "ಹಡಗಲ್ಲಿ ಎಷ್ಟು ಇಳಿದುಹೋಗಿದೀಯ ನೋಡು" ಅಂದಳು.

ತಿಂದೆ. ಗೊತ್ತಿದ್ದೂ ತಿಂದೆ. ಎರಡನೇ ಸಲ ಹಾಕಿಸಿಕೊಂಡೂ ತಿಂದೆ.

ಶುಕ್ರವಾರದ ಕಥೆ ಬೇಡ ಬಿಡಿ. ಶನಿವಾರ ಡಾಕ್ಟರ ಹತ್ತಿರ ಹೋಗಿದ್ದೆ. ಎಲ್ಲ ಕೇಳಿಸಿಕೊಂಡು, ಪೆನ್ನು ಕೆಳಗಿಟ್ಟು, "ಮೇಡಂ, ನೀವು ಓದಿದೋರು. ಇದನ್ನ ಎಷ್ಟು ದಿನ ಅಂತ ಮಾಡ್ತೀರಿ?" ಅಂದರು. ತಲೆ ತಗ್ಗಿಸಿ ಕೂತೆ, ಹೋಂವರ್ಕ್ ಮಾಡದೆ ಬಂದವಳ ಹಾಗೆ.

ಮನೆಗೆ ಬಂದು ಇದನ್ನು ಬರೆಯಲು ಕೂತೆ. ಎದುರಿಗೆ ಹೇಳುವ ಧೈರ್ಯ ಇಲ್ಲದೆ ಊರಿಗೆಲ್ಲ ಹೇಳುತ್ತಿದ್ದೇನೆ. ನಾಚಿಕೆಗೇಡು, ಒಪ್ಪುತ್ತೇನೆ. ಆದರೆ ಈ ಅಂಕಣ ಮೊದಲು ಓದುವವಳು ವಿಮಲಾ. ಭಾನುವಾರ ಬೆಳಿಗ್ಗೆ ಕಲ್ಲುಬೆಂಚಿನ ಮೇಲೆ ಪೇಪರ್ ಹರಡಿ, ಗಟ್ಟಿಯಾಗಿ ಓದಿ, ತಪ್ಪು ಹಿಡಿದು, ಆಮೇಲೆ ನನ್ನನ್ನು ಕಾಫಿಗೆ ಎಬ್ಬಿಸುತ್ತಾಳೆ. ಇವತ್ತು ಅರ್ಧದಲ್ಲೇ ಅವಳ ದನಿ ನಿಂತಿರುತ್ತದೆ. ನಾನು ಪಕ್ಕದಲ್ಲಿ ಇರುವುದಿಲ್ಲ. ಇವತ್ತು ವಾಕಿಂಗಿಗೆ ಬರುವುದಿಲ್ಲ ಅಂತ ಗ್ರೂಪಿಗೆ ಮೆಸೇಜ್ ಹಾಕಿದ್ದೇನೆ.

ಬೈಯಿ ವಿಮಲಾ, ಎಷ್ಟು ಬೇಕಾದರೂ ಬೈಯಿ. ಹೆದರಬೇಡ ಅಷ್ಟೇ. ಬಾಣಲೆ ತಪ್ಪಲ್ಲ, ಸೌಟು ತಪ್ಪಲ್ಲ, ನಿನ್ನ ಕೈ ತಪ್ಪಲ್ಲ. ಒಂದು ಡಬ್ಬಿ ತಪ್ಪು, ಅದನ್ನು ಎರಡು ವರ್ಷ ತಿರುಗಿಸಿ ನೋಡದ ನಾನು ತಪ್ಪು. ನಿನ್ನ ಫಾರಂ ನನ್ನ ಹತ್ತಿರವೇ ಇದೆ, ಹರಿದುಹಾಕುವುದಿದ್ದರೆ ನೀನೇ ಹರಿದುಹಾಕು. ಮನೆಯಲ್ಲಿ ಬೆಳ್ಳುಳ್ಳಿ ಸುಲಿದು ಇಟ್ಟಿದ್ದೇನೆ, ತರುತ್ತೇನೆ.

ಗುರುವಾರ ಊಟಕ್ಕೆ ಬರಲಾ?